ಕುಂಡದಲ್ಲೊಂದು ಕೋಲಾರ

2023ರ ಜುಲೈ ತಿಂಗಳಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಬೆಂಗಳೂರಿನ ತಳ್ಳುಗಾಡಿಯವರು ಕಾಲು ಕೆ.ಜಿ. ಲೆಕ್ಕದಲ್ಲಿ ದರ ಹೇಳತೊಡಗಿದ್ದರು, ಗಿರಾಕಿ ಬೆಚ್ಚಿಬೀಳದಿರಲಿ ಅಂತ. ಸಾರಿಗೆ ಹುಣಸೆಹಣ್ಣೇ ಸಾಕು ಎಂದು ಎಷ್ಟೋ ಮನೆಗಳಲ್ಲಿ ತೀರ್ಮಾನವಾಯಿತು. ಮನೆ ಮೇಲೆ ನಾಲ್ಕು ಕುಂಡ ಇಟ್ಟಿದ್ದರೆ ಈ ಪಾಡು ಇರುತ್ತಿತ್ತಾ ಎಂಬ ಮಾತೂ ಜೊತೆಗೇ ಎದ್ದಿತು. ಆ ಹುಮ್ಮಸ್ಸಿನಲ್ಲಿ ಅವತ್ತೇ ಬೀಜ ಹಾಕಿದವರಿಗೆ ಮೊದಲ ಹಣ್ಣು ಕೈಗೆ ಬರುವಷ್ಟರಲ್ಲಿ ಅಕ್ಟೋಬರ್ ಆಗಿರಬೇಕು. ಅಷ್ಟು ಹೊತ್ತಿಗೆ ದರ ನೆಲಕಚ್ಚಿ, ಬೆಳೆದವರು ಹಣ್ಣನ್ನು ರಸ್ತೆಬದಿಗೆ ಸುರಿದ ಸುದ್ದಿ ಪತ್ರಿಕೆಗಳಲ್ಲಿ ಬಂದುಹೋಗಿತ್ತು.

ಹಾಗಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ದುಡ್ಡು ಉಳಿಸುವ ಆಸೆಗೆ ಯಾರೂ ಕುಂಡದಲ್ಲಿ ಟೊಮೆಟೊ ಬೆಳೆಯಬೇಡಿ. ಕುಂಡ, ಮಣ್ಣು, ಗೊಬ್ಬರ, ಬೇವಿನ ಹಿಂಡಿ, ಕಟ್ಟುವ ಕೋಲು ಎಲ್ಲ ಸೇರಿಸಿದರೆ ಮೊದಲ ವರ್ಷದ ಹಣ್ಣು ಅಂಗಡಿಯ ಹಣ್ಣಿಗಿಂತ ದುಬಾರಿಯೇ. ಬೆಳೆಯಬೇಕಾದ್ದು ಬೇರೆ ಕಾರಣಕ್ಕೆ. ಕೋಲಾರದ ಹಣ್ಣು ಲಾರಿ ಹತ್ತಿ ಉತ್ತರ ಭಾರತದವರೆಗೂ ಹೋಗಬೇಕು. ದಾರಿಯಲ್ಲಿ ನುಜ್ಜುಗುಜ್ಜಾಗದಿರಲಿ ಎಂದು ಅದನ್ನು ಬಣ್ಣ ತಿರುಗುವ ಹೊತ್ತಿಗೇ ಕೀಳುತ್ತಾರೆ. ಕಿತ್ತ ಮೇಲೂ ಅದು ಕೆಂಪಾಗುತ್ತದೆ, ಮೆತ್ತಗಾಗುತ್ತದೆ, ಆದರೆ ಗಿಡದಿಂದ ಬರುತ್ತಿದ್ದ ಸಕ್ಕರೆ ಅಲ್ಲಿಗೆ ನಿಂತಿತು. ಮನೆಯ ಕುಂಡದ ಹಣ್ಣಿಗೆ ಲಾರಿ ಹತ್ತುವ ಗತಿಯಿಲ್ಲ. ತೊಟ್ಟಿನಲ್ಲೇ ಪೂರ್ತಿ ಹಣ್ಣಾಗುವ ತನಕ ಬಿಡಬಹುದು. ಅದರಲ್ಲಿ ಒಂದು ಸಲ ಗೊಜ್ಜು ಮಾಡಿದವರಿಗೆ ಲೆಕ್ಕದ ಪುಸ್ತಕ ಮರೆತುಹೋಗುತ್ತದೆ.

ಹೆಚ್ಚಿನವರು ಎಡವುವುದು ಕುಂಡದ ಅಳತೆಯಲ್ಲಿ. ತುಳಸಿಗೋ ಗುಲಾಬಿಗೋ ತಂದಿದ್ದ ಆರೇಳು ಇಂಚಿನ ಪಾಟಿನಲ್ಲಿ ಸಸಿ ನೆಟ್ಟರೆ ಒಂದು ತಿಂಗಳು ಚೆಂದವಾಗಿ ಬಂದು, ಹೂವು ಬಿಡುವ ಹೊತ್ತಿಗೆ ಸುಸ್ತಾಗಿ ನಿಲ್ಲುತ್ತದೆ. ಟೊಮೆಟೊ ಬೇರಿಗೆ ಕನಿಷ್ಠ ಒಂದು ಅಡಿ ಆಳ, ಒಂದು ಅಡಿ ಅಗಲ ಬೇಕು. 15 ಇಂಚಿನ ಗ್ರೋ ಬ್ಯಾಗ್ ಆದರೆ ಇನ್ನೂ ಒಳ್ಳೆಯದು. ಗೋಡೆಗೆ ಬಣ್ಣ ಹೊಡೆಸಿದ ಮೇಲೆ ಉಳಿಯುವ 20 ಲೀಟರಿನ ಬಕೆಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಚೆನ್ನಾಗಿ ತೊಳೆದು ತಳದಲ್ಲಿ ಐದಾರು ತೂತು ಕೊರೆದರಾಯಿತು. ಒಂದು ಕುಂಡಕ್ಕೆ ಒಂದೇ ಗಿಡ. ಎರಡು ನೆಡುವ ಆಸೆ ಎಲ್ಲರಿಗೂ ಆಗುತ್ತದೆ, ಎರಡು ನೆಟ್ಟರೆ ಸಿಗುವುದು ಒಂದು ಗಿಡದಷ್ಟೂ ಇಲ್ಲದ ಫಸಲು.

ಬರೀ ಕೆಂಪು ಮಣ್ಣು ತುಂಬುವುದು ಇನ್ನೊಂದು ತಪ್ಪು. ಹೊಲದಲ್ಲಿ ಅದೇ ಮಣ್ಣು ಚಿನ್ನ, ಕುಂಡದಲ್ಲಿ ನಾಲ್ಕು ಸಲ ನೀರು ಕುಡಿದರೆ ಗಟ್ಟಿ ಹೆಂಟೆ. ಮಣ್ಣು ಒಂದು ಪಾಲು, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಗೊಬ್ಬರವೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿ ಸೇರಿಸುವುದರಿಂದ ತಾರಸಿಗೂ ಹಗುರ. ನೀರು ಕುಡಿದ ಬರೀ ಮಣ್ಣು 15 ಲೀಟರಿಗೇ 25 ಕೆ.ಜಿ. ಹತ್ತಿರ ತೂಗುತ್ತದೆ. ಹಳೆಯ ಮನೆಯಾದರೆ ಕುಂಡಗಳನ್ನು ತಾರಸಿಯ ನಡುವೆ ಗುಂಪು ಹಾಕದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿ ಜೋಡಿಸಬೇಕು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿ ಇದ್ದರೆ ಟೊಮೆಟೊ ಆಸೆ ಬಿಟ್ಟು ದೊಡ್ಡಪತ್ರೆ, ಪುದೀನ ಹಾಕಿಕೊಳ್ಳಿ. ಇದರಲ್ಲಿ ರಾಜಿಗೆ ಜಾಗವಿಲ್ಲ.

ಇನ್ನು ತಳಿ. ಬೆಂಗಳೂರಿನವರ ಅದೃಷ್ಟಕ್ಕೆ ದೇಶದ ಟೊಮೆಟೊ ಸಂಶೋಧನೆಯ ದೊಡ್ಡ ಮನೆ ಹೆಸರಘಟ್ಟದಲ್ಲೇ ಇದೆ. 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನಲ್ಲಿ ಬಿಡುಗಡೆ ಮಾಡಿರುವ ತಳಿಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಅರ್ಕಾ ರಕ್ಷಕ್. ಡಾ. ಎ.ಟಿ. ಸದಾಶಿವ ಮತ್ತು ಸಂಗಡಿಗರು ರೂಪಿಸಿದ ಈ ಹೈಬ್ರಿಡ್, ಎಲೆ ಮುದುರು ರೋಗ, ದುಂಡಾಣು ಸೊರಗು ರೋಗ, ಬೇಗ ಬರುವ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಹೊಲದಲ್ಲಿ ಒಂದೊಂದು ಗಿಡ 18 ಕೆ.ಜಿ. ಕೊಟ್ಟಿತು ಎಂಬ ವರದಿಗಳನ್ನು ಓದಿ ಕುಂಡದ ಮುಂದೆ ಬುಟ್ಟಿ ಹಿಡಿದು ನಿಲ್ಲಬೇಡಿ. ಕುಂಡದ ಗಿಡ ಎರಡು ಮೂರು ಕೆ.ಜಿ. ಕೊಟ್ಟರೆ ಅದು ಒಳ್ಳೆಯ ಗಿಡವೇ.

ಹೈಬ್ರಿಡ್‌ನಲ್ಲಿ ಒಂದು ಕೊರತೆಯಿದೆ. ಅದರ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ತಾಯಿಯಂಥ ಮಗಳು ಹುಟ್ಟುವ ಖಾತ್ರಿಯಿಲ್ಲ. ಬೀಜ ಉಳಿಸಿಕೊಳ್ಳುವ ಮನಸ್ಸಿದ್ದವರು ಇದೇ ಸಂಸ್ಥೆಯ ಅರ್ಕಾ ವಿಕಾಸ್ ಅಥವಾ ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ಹಿಡಿಯಬೇಕು. ಪಿಕೆಎಂ ಗಿಡ ಒಂದು ಎತ್ತರಕ್ಕೆ ಬೆಳೆದು ನಿಂತುಬಿಡುತ್ತದೆ, ಹಾಗಾಗಿ ಸಣ್ಣ ಜಾಗಕ್ಕೆ ಅನುಕೂಲ. ಹಣ್ಣು ನಮ್ಮ ನಾಟಿ ಟೊಮೆಟೊ ಥರ ಹುಳಿ, ರಸಭರಿತ. ಸಾರು, ತೊಕ್ಕು ಎಂದರೆ ನನ್ನ ಮತ ಅದಕ್ಕೇ. ಚೆರ್ರಿ ಟೊಮೆಟೊ ಬೆಳೆಯುವುದು ಎಲ್ಲಕ್ಕಿಂತ ಸುಲಭ, ಮಕ್ಕಳಿರುವ ಮನೆಯಲ್ಲಿ ಅದು ಅಡುಗೆಮನೆಯವರೆಗೆ ಬರುವುದು ಮಾತ್ರ ಅನುಮಾನ.

ಬೀಜ ಐದಾರು ದಿನಕ್ಕೆ ಮೊಳೆಯುತ್ತದೆ. ಮೂರೂವರೆ ವಾರದ ಸಸಿಯನ್ನು ಕುಂಡಕ್ಕೆ ಬದಲಿಸುವಾಗ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧದವರೆಗೂ ಮಣ್ಣಿನೊಳಗೆ ಇಳಿಸಬೇಕು. ಬೇರೆ ಸಸಿಗಳಿಗೆ ಹೀಗೆ ಮಾಡಿದರೆ ಕೊಳೆತುಹೋದಾವು. ಟೊಮೆಟೊ ಕಾಂಡ ಮಣ್ಣು ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ. ನೆಟ್ಟ ದಿನವೇ ಕೋಲನ್ನೂ ಊರಿಬಿಡಿ, ಆಮೇಲೆ ಊರಲು ಹೋದರೆ ಬೇರಿಗೆ ಏಟು. ಎತ್ತರ ಬೆಳೆಯುವ ತಳಿಯಾದರೆ ಎಲೆ ಮತ್ತು ಕಾಂಡದ ಸಂದಿಯಿಂದ ಹೊರಡುವ ಕವಲುಗಳನ್ನು ಎಳೆಯದಾಗಿರುವಾಗಲೇ ಬೆರಳಿನಿಂದ ಮುರಿಯುತ್ತಿರಬೇಕು. ಹತ್ತು ನಿಮಿಷ ಈ ಕೆಲಸ ಮಾಡಿದರೆ ಬೆರಳ ತುದಿಗೆ ಹಸಿರು ಹಳದಿ ಅಂಟು ಹಿಡಿದು ಕ್ರಮೇಣ ಕಪ್ಪಾಗುತ್ತದೆ. ಕಾಂಡದ ತುಂಬ ಇರುವ ಸಣ್ಣ ರೋಮಗಳು ಒಡೆದು ಒಸರುವ ಅಂಟು ಅದು. ಟೊಮೆಟೊ ಗಿಡದ ಆ ಖಾರವಾದ ವಾಸನೆಯೂ ಅದರದ್ದೇ. ಪಿಕೆಎಂನಂಥ ಗಿಡ್ಡ ತಳಿಯ ಕವಲಿಗೆ ಕೈ ಹಾಕಬೇಡಿ, ಅದರ ಫಸಲೆಲ್ಲ ಕವಲಿನಲ್ಲೇ.

ಕುಂಡದ ಟೊಮೆಟೊ ಬದುಕುವುದೂ ಸಾಯುವುದೂ ನೀರಿನಲ್ಲಿ. ಹೊಲದ ಗಿಡಕ್ಕೆ ಒಂದು ದಿನ ನೀರು ತಪ್ಪಿದರೆ ಅದು ಬೇರನ್ನು ಆಳಕ್ಕಿಳಿಸಿ ಹುಡುಕಿಕೊಳ್ಳುತ್ತದೆ. ಕುಂಡದ ಗಿಡಕ್ಕೆ ಒಂದು ಅಡಿಯ ಆಚೆ ಪ್ಲಾಸ್ಟಿಕ್ಕು. ವಾರವಿಡೀ ಮರೆತು ಭಾನುವಾರ ಒಂದು ಬಕೆಟ್ ಹೊಯ್ದರೆ ಹಣ್ಣಿನ ಸಿಪ್ಪೆ ತಡೆಯಲಾರದೆ ಸೀಳುತ್ತದೆ. ಇನ್ನೊಂದು ತೊಂದರೆ, ಕಾಯಿಯ ಬುಡ ಕಪ್ಪಾಗಿ ಚಪ್ಪಟೆಯಾಗಿ ಕೊಳೆಯುವುದು. ಇದನ್ನು ಕಂಡ ಕೂಡಲೆ ಯಾರೋ ಮೊಟ್ಟೆ ಚಿಪ್ಪಿನ ಪುಡಿ ಹಾಕಿ ಎನ್ನುತ್ತಾರೆ. ಕಾಯಿಗೆ ಸುಣ್ಣದಂಶ ಸಾಲದೆ ಹೀಗಾಗುವುದೇನೋ ನಿಜ, ಆದರೆ ಚಿಪ್ಪು ಮಣ್ಣಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು. ಹೆಚ್ಚಿನ ಸಲ ಸುಣ್ಣ ಮಣ್ಣಿನಲ್ಲಿಯೇ ಇರುತ್ತದೆ, ಅದನ್ನು ಕಾಯಿಗೆ ಸಾಗಿಸುವ ನೀರು ಹೊತ್ತಿಗೆ ಸರಿಯಾಗಿ ಸಿಕ್ಕಿರುವುದಿಲ್ಲ. ಬೆಳಿಗ್ಗೆ ಎದ್ದು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ತೂರಿಸಿ ನೋಡಿ; ಒಣಗಿದ್ದರೆ ತಳದ ತೂತಿನಿಂದ ಇಳಿಯುವವರೆಗೂ ಹಾಕಿ, ಹಸಿಯಿದ್ದರೆ ಬಿಟ್ಟುಬಿಡಿ. ಏಪ್ರಿಲ್ ಬಿಸಿಲಿನಲ್ಲಿ ಕಾಯಿ ಹೊತ್ತ ಗಿಡ ಎರಡು ಹೊತ್ತೂ ಕೇಳುತ್ತದೆ. ಮಣ್ಣಿನ ಮೇಲೆ ಒಣ ಎಲೆ ಹರಡಿದರೆ ಈ ಕೆಲಸ ಅರ್ಧ ಕಡಿಮೆ.

ಹೂವು ಬಿಟ್ಟು ಕಾಯಿ ಕಚ್ಚದಿದ್ದರೆ? ಟೊಮೆಟೊ ಹೂವು ಕೆಳಮುಖವಾಗಿ ನೇತಾಡುತ್ತದೆ, ಗಂಡು ಹೆಣ್ಣು ಎರಡೂ ಅದೇ ಹೂವಿನಲ್ಲಿ. ಪರಾಗ ಮಾತ್ರ ಹಳದಿ ಕೊಳವೆಯೊಳಗೆ ಬಂದಿಯಾಗಿರುತ್ತದೆ, ಅದುರಿಸಿದರೆ ತುದಿಯ ಕಿಂಡಿಯಿಂದ ಉದುರುತ್ತದೆ. ಹೊಲದಲ್ಲಿ ಗಾಳಿ ಈ ಕೆಲಸ ಮಾಡುತ್ತದೆ. ನೀಲಿಪಟ್ಟೆಯ ಜೇನು, ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ತಬ್ಬಿಹಿಡಿದು ಗುಂಯ್‌ಗುಟ್ಟಿಯೂ ಪರಾಗ ಉದುರಿಸುತ್ತವೆ. ನಮ್ಮ ಸಾಮಾನ್ಯ ಜೇನುಹುಳಕ್ಕೆ ಈ ವಿದ್ಯೆ ಬಾರದು. ಏಳನೇ ಮಹಡಿಯ ಗಾಜು ಹಾಕಿದ ಬಾಲ್ಕನಿಗೆ ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ಅಲ್ಲಿ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹೂಗೊಂಚಲಿನ ಹಿಂದಿನ ಕಾಂಡವನ್ನು ಬೆರಳಿನಿಂದ ಮೆಲ್ಲನೆ ಚಿಮ್ಮಬೇಕು. ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದರೆ ಹಳದಿ ಧೂಳು ಬೀಳುವುದು ಕಣ್ಣಿಗೇ ಕಾಣುತ್ತದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದ ಊರುಗಳಲ್ಲಿ ಎಷ್ಟು ಚಿಮ್ಮಿದರೂ ಹೂವು ಉದುರುತ್ತದೆ. ಕಲಬುರಗಿ, ರಾಯಚೂರಿನವರು ಟೊಮೆಟೊವನ್ನು ಬೇಸಿಗೆಯಲ್ಲಿ ಹಚ್ಚದಿರುವುದೇ ಒಳ್ಳೆಯದು. ಚಳಿಗಾಲದಲ್ಲಿ ಅವರಿಗೆ ಬಲು ಸೊಗಸಾಗಿ ಬರುತ್ತದೆ.

ಗಿಡ ದಟ್ಟ ಹಸಿರಾಗಿ ಎದೆಯೆತ್ತರ ಬೆಳೆದು ಹೂವೇ ಬಿಡುತ್ತಿಲ್ಲವೆಂದರೆ ಅದು ಬೇರೆ ಕಥೆ, ಗೊಬ್ಬರವೆಂದು ಹೊಯ್ಯುವ ಕಡಲೆಕಾಯಿ ಹಿಂಡಿ ನೀರು ಹೆಚ್ಚಾಗಿದೆ ಎಂದರ್ಥ. ಮೊಗ್ಗು ಕಂಡ ಮೇಲೆ ಅದನ್ನು ಕಡಿಮೆ ಮಾಡಿ ಒಂದು ಚಮಚ ಸೌದೆ ಬೂದಿ ಕೊಡಿ.

ಹುಳದ ಕಾಟ ಇದ್ದದ್ದೇ. ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ ನೇತುಹಾಕಿ, ಲೀಟರ್ ನೀರಿಗೆ ಐದು ಎಂ.ಎಲ್. ಬೇವಿನ ಎಣ್ಣೆ, ಒಂದಿಷ್ಟು ಸೋಪಿನ ನೀರು ಕದಡಿ ಸಂಜೆ ಸಿಂಪಡಿಸಿ. ಆ ನೊಣ ಹೊತ್ತು ತರುವ ಎಲೆ ಮುದುರು ರೋಗಕ್ಕೆ ಮದ್ದಿಲ್ಲ. ತುದಿ ಎಲೆಗಳು ಮುದುಡಿ ಗಿಡ ಗುಜ್ಜಾದರೆ ಕನಿಕರ ಪಡದೆ ಕಿತ್ತುಹಾಕಿ. ಕಾಯಿಕೊರಕಕ್ಕೆ ಹೆಸರಘಟ್ಟದವರು ಹೇಳುವ ಉಪಾಯ ಚೆಂಡು ಹೂವು: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು ಬೆಳೆದರೆ ಪತಂಗ ಮೊಟ್ಟೆಯಿಡಲು ಆ ಕಡೆ ಹೋಗುತ್ತದೆ. ತಾರಸಿಯಲ್ಲಿ ಒಂದೆರಡು ಕುಂಡ ಸಾಕು, ಪೂಜೆಗೂ ಆಯಿತು. ಫಸಲು ಮುಗಿದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನ ಗಿಡ ಹಾಕಬೇಡಿ. ಎಲ್ಲ ಒಂದೇ ಕುಟುಂಬ, ಒಂದರ ರೋಗ ಇನ್ನೊಂದಕ್ಕೆ. ಹುರುಳಿಕಾಯಿಯೋ ಸೊಪ್ಪೋ ಹಾಕಿ.

ಇದನ್ನೆಲ್ಲ ಕಲಿಸುವವರು ಬೆಂಗಳೂರಿನಲ್ಲಿ ಧಾರಾಳವಾಗಿದ್ದಾರೆ. ಡಾ. ಬಿ.ಎನ್. ವಿಶ್ವನಾಥ್ 1990ರ ದಶಕದಲ್ಲಿ ತಾರಸಿ ತೋಟದ ತರಬೇತಿ ಶುರುಮಾಡಿದಾಗ ಇದು ನಿವೃತ್ತರ ಹವ್ಯಾಸ ಎನಿಸಿಕೊಂಡಿತ್ತು. ಆಮೇಲೆ ಬಂದ ‘ಊಟ ಫ್ರಮ್ ಯುವರ್ ತೋಟ’ ಸಂತೆಗಳಿಗೆ ಐಟಿ ಕಂಪನಿಯ ಹುಡುಗರೂ ಚೀಲ ಹಿಡಿದು ಬಂದರು. ಹೆಸರಘಟ್ಟದ ತೋಟಗಾರಿಕೆ ಮೇಳ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಗಳಲ್ಲಿ ತಾರಸಿಯವರ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಬೀಜ ಕೊಳ್ಳುವಾಗ ಒಂದು ವಿಷಯ ನೆನಪಿರಲಿ. ಒಂದು ಗ್ರಾಂ ಟೊಮೆಟೊ ಬೀಜವೆಂದರೆ ಸುಮಾರು 300 ಕಾಳು, ರೈತರಿಗಾಗಿ ಕಟ್ಟಿದ ಪೊಟ್ಟಣ ಇಡೀ ಅಪಾರ್ಟ್‌ಮೆಂಟಿಗೆ ಹಂಚಿದರೂ ಮಿಗುತ್ತದೆ. ಅಕ್ಕಪಕ್ಕದವರ ಜೊತೆ ಸೇರಿ ತನ್ನಿ. ಹಳೇ ಮೈಸೂರು ಕಡೆಯವರು ದಸರಾ ಮುಗಿಯುತ್ತಲೇ ಬಿತ್ತಿದರೆ ಸಂಕ್ರಾಂತಿಯ ಹೊತ್ತಿಗೆ ಮೊದಲ ಹಣ್ಣು ಕೀಳಬಹುದು.