ಮೆಚ್ಚುಗೆ ಕಾರಿಗೆ, ಹೆಸರು ಯಾರಿಗೆ?

ಮೈಸೂರಿನಿಂದ ಹೊರಟ ಬಸ್ಸು ಹ್ಯಾಂಡ್‌ಪೋಸ್ಟ್ ತಲುಪಿ ಹೆಗ್ಗಡದೇವನಕೋಟೆಗೆ ತಿರುಗಬೇಕು. ಚಾಲಕನಿಗೆ ಮನಸ್ಸು ಬಂತೆಂದು ಪಕ್ಕದ ಹೊಲಕ್ಕೆ ಇಳಿಸಿ, ಬೇಲಿ ಮುರಿದು, ಕೆರೆ ಏರಿ ಹತ್ತಿಸಿ, ನೇರವಾಗಿ ಕಬಿನಿಯ ದಂಡೆಗೆ ಒಯ್ದು ನಿಲ್ಲಿಸುವಂತಿಲ್ಲ. ಕಾರು ಓಡಿಸುವ ವೀಡಿಯೋ ಗೇಮುಗಳೂ ಬಹುಕಾಲ ಈ ಬಸ್ಸಿನ ಹಾಗೆಯೇ ಇದ್ದವು. ಹೊರಡುವ ಗೆರೆ ಒಂದು, ಮುಟ್ಟುವ ಗೆರೆ ಒಂದು, ನಡುವೆ ಒಂದೇ ರಸ್ತೆ. ರಸ್ತೆ ಬಿಟ್ಟರೆ ಗೋಡೆ.

ಆ ಗೋಡೆಯನ್ನು ಕಿತ್ತುಹಾಕಿದ ಆಟಗಳಿಗೆ ‘ಓಪನ್ ವರ್ಲ್ಡ್’ ಎಂಬ ಹೆಸರು ಬಂತು. ಬಯಲು ಪ್ರಪಂಚದ ಆಟ ಎನ್ನಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ತಾಲ್ಲೂಕುಗಳನ್ನು ಪರದೆಯ ಮೇಲೆ ಒಂದೇ ನಕ್ಷೆಯಾಗಿ ಹರಡಿ, ಆಟಗಾರನ ಕೈಗೆ ಒಂದು ಕಾರು ಕೊಟ್ಟು, ‘ಎಲ್ಲಿಗೆ ಬೇಕಾದರೂ ಹೋಗು’ ಎಂದಂತೆ. ಬೇಕಾದರೆ ಚುಂಚನಕಟ್ಟೆಯ ಜಲಪಾತ ನೋಡಬಹುದು, ಬೇಡವೆಂದರೆ ಬೈಲಕುಪ್ಪೆಯ ಕಡೆ ತಿರುಗಬಹುದು. ಪಂದ್ಯದಲ್ಲಿ ಸೇರಬೇಕೆನಿಸಿದರೆ ನಕ್ಷೆಯಲ್ಲಿ ಗುರುತು ಹಾಕಿದ ಜಾಗಕ್ಕೆ ಹೋದರಾಯಿತು.

ಇದರ ಜೊತೆಗೆ ಬರುವ ಇನ್ನೊಂದು ಪದ ‘ಆರ್ಕೇಡ್’. ಹಿಂದೆ ನಾಣ್ಯ ಹಾಕಿ ಆಡುವ ಯಂತ್ರಗಳಿದ್ದ ಅಂಗಡಿಗಳಿಂದ ಬಂದ ಮಾತು ಇದು. ನಿಜವಾದ ಕಾರಿನ ತೂಕ, ಟೈರಿನ ಹಿಡಿತ, ಬ್ರೇಕಿನ ದೂರವನ್ನು ಕಟ್ಟುನಿಟ್ಟಾಗಿ ಅನುಸರಿಸುವ ಆಟಗಳು ‘ಸಿಮ್ಯುಲೇಷನ್’ ಗುಂಪಿಗೆ ಸೇರುತ್ತವೆ. ಆರ್ಕೇಡ್ ಆಟದಲ್ಲಿ ಆ ಲೆಕ್ಕವನ್ನು ಸಡಿಲಿಸಿ ಮೋಜಿಗೆ ಮೊದಲ ಸ್ಥಾನ ಕೊಟ್ಟಿರುತ್ತಾರೆ. ಗಂಟೆಗೆ ಇನ್ನೂರು ಕಿಲೋಮೀಟರು ವೇಗದಲ್ಲಿ ತಿರುವಿನಲ್ಲಿ ಜಾರಿದರೂ ಕಾರು ಸಾವರಿಸಿಕೊಳ್ಳುತ್ತದೆ. ಕೆಲವು ಆಟಗಳಲ್ಲಿ ಅಪಘಾತವಾದರೆ ಗುಂಡಿ ಒತ್ತಿ ಕಾಲವನ್ನೇ ಹಿಂದಕ್ಕೆ ಸರಿಸಬಹುದು. ಊರಿನ ರಸ್ತೆಯಲ್ಲಿ ಅಂಥ ಗುಂಡಿ ಇಲ್ಲ ಎಂಬುದನ್ನು ಆಡುವ ಮಕ್ಕಳಿಗೆ ಹಿರಿಯರು ನೆನಪಿಸುತ್ತಿದ್ದರೆ ಒಳ್ಳೆಯದು.

ಎರಡನೆಯ ಭಾಗದ ಕಷ್ಟ

ಇಂಥ ಆಟವೊಂದು ಗೆದ್ದರೆ ಅದಕ್ಕೆ ಎರಡನೆಯ ಭಾಗ ಬರುತ್ತದೆ. ಸಿನಿಮಾ ನೋಡುವವರಿಗೆ ಇದು ಹೊಸದಲ್ಲ. ೨೦೧೮ರಲ್ಲಿ ‘ಕೆಜಿಎಫ್’ ಬಂದ ಮೇಲೆ ೨೦೨೨ರಲ್ಲಿ ಅದರ ಎರಡನೆಯ ಅಧ್ಯಾಯ ತೆರೆಕಂಡಿತು. ಎರಡನೆಯ ಭಾಗಕ್ಕೆ ಜನ ಒಡ್ಡುವ ಪರೀಕ್ಷೆಗಳು ಎರಡು, ಮತ್ತು ಅವು ಒಂದಕ್ಕೊಂದು ಎದುರುಬದುರು. ಮೊದಲಿನದರ ಹಾಗೆಯೇ ಇರಬೇಕು, ಮೊದಲಿನದೇ ಆಗಿರಬಾರದು. ಸಿನಿಮಾದಲ್ಲಿ ಕಥೆಯಾದರೂ ಮುಂದುವರಿಯುತ್ತದೆ. ಕಾರು ಪಂದ್ಯದ ಆಟದಲ್ಲಿ ಮುಂದುವರಿಸಲು ಹೇಳಿಕೊಳ್ಳುವಂಥ ಕಥೆಯೇ ಇರುವುದಿಲ್ಲ. ಹಾಗಾದರೆ ವಿಮರ್ಶಕರು ನೋಡುವುದೇನನ್ನು?

ಮೂರು ನಿದರ್ಶನಗಳಿಂದ ಉತ್ತರ ಸ್ಪಷ್ಟವಾಗುತ್ತದೆ. ಮೊದಲನೆಯದು ೨೦೦೮ರ ಜನವರಿಯಲ್ಲಿ ಬಂದ ‘ಬರ್ನ್‌ಔಟ್ ಪ್ಯಾರಡೈಸ್’. ಬ್ರಿಟನ್ನಿನ ಕ್ರೈಟೀರಿಯನ್ ಸಂಸ್ಥೆ ತನ್ನ ಹಳೆಯ ಸರಣಿಯನ್ನು ಈ ಆಟದಲ್ಲಿ ಮೊದಲ ಬಾರಿಗೆ ಬಯಲಿಗೆ ತಂದಿತು. ಅಂಕಗಳು ನೂರಕ್ಕೆ ತೊಂಬತ್ತರ ಸಮೀಪಕ್ಕೆ ಬಂದವು. ಆದರೆ ಒಂದು ದೂರು ಮತ್ತೆ ಮತ್ತೆ ಕೇಳಿಬಂತು. ಪಂದ್ಯದಲ್ಲಿ ಸೋತವನು ಅಲ್ಲಿಂದಲೇ ಮರಳಿ ಆರಂಭಿಸುವ ಸೌಲಭ್ಯ ಅದರಲ್ಲಿ ಇರಲಿಲ್ಲ. ಹೊರಟ ಜಾಗಕ್ಕೆ ಊರೆಲ್ಲ ಸುತ್ತಿಕೊಂಡು ವಾಪಸು ಹೋಗಬೇಕಿತ್ತು. ತಯಾರಕರು ೨೦೦೯ರಲ್ಲಿ ಆಟವನ್ನು ಪರಿಷ್ಕರಿಸಿ ಆ ಸೌಲಭ್ಯವನ್ನು ಸೇರಿಸಿದರು. ಪುಸ್ತಕ ಅಚ್ಚಾದ ಮೇಲೆ, ಸಿನಿಮಾ ತೆರೆಕಂಡ ಮೇಲೆ ವಿಮರ್ಶೆ ಬಂದರೆ ಸಾಮಾನ್ಯವಾಗಿ ಅದು ಮುಂದಿನ ಕೃತಿಗೆ ಪಾಠವಾದೀತು, ಅಷ್ಟೆ. ವೀಡಿಯೋ ಗೇಮಿನಲ್ಲಿ ಅದು ಅದೇ ಕೃತಿಯನ್ನು ತಿದ್ದಿಸಬಲ್ಲದು.

ಎರಡನೆಯದು ೨೦೧೧ರ ‘ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್ ೨’. ಇದರ ಮೊದಲ ಭಾಗ ೨೦೦೬ರಲ್ಲಿ ಹವಾಯಿಯ ಓವಾಹು ದ್ವೀಪವನ್ನು ಆಟಗಾರರ ಮುಂದೆ ತೆರೆದಿಟ್ಟಿತ್ತು. ಎರಡನೆಯ ಭಾಗದಲ್ಲಿ ಫ್ರಾನ್ಸಿನ ಈಡನ್ ಗೇಮ್ಸ್ ಸಂಸ್ಥೆ ಸ್ಪೇನಿನ ಇಬೀಜಾ ದ್ವೀಪವನ್ನೂ ಸೇರಿಸಿತು. ಪ್ರಪಂಚವೇನೋ ದೊಡ್ಡದಾಯಿತು. ಆದರೆ ಬಿಡುಗಡೆಯ ದಿನಗಳಲ್ಲಿ ಸರ್ವರುಗಳು ಕೈಕೊಟ್ಟವು. ತಾಂತ್ರಿಕ ದೋಷಗಳು ಎದ್ದು ಕಂಡವು. ಕಾರಿನ ಓಟ, ಪಾತ್ರಗಳ ಮಾತುಗಾರಿಕೆ ಎರಡೂ ಹಲವರಿಗೆ ಹಿಡಿಸಲಿಲ್ಲ. ಅಂಕಗಳು ಎಪ್ಪತ್ತರ ಆಸುಪಾಸಿನಲ್ಲಿ ನಿಂತವು. ಎಕರೆ ಹೆಚ್ಚಾದ ಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲ ಎಂಬುದು ಈ ಸೀಮೆಯ ರೈತರಿಗೆ ತಿಳಿದ ವಿಚಾರವೇ.

ಬೇಲಿ ಮುರಿದ ಆಟ

ಮೂರನೆಯದು ‘ಫೋರ್ಜಾ ಹೊರೈಜನ್ ೨’. ಇಂಗ್ಲೆಂಡಿನ ಪ್ಲೇಗ್ರೌಂಡ್ ಗೇಮ್ಸ್ ಸಂಸ್ಥೆ ತಯಾರಿಸಿದ ಈ ಆಟವನ್ನು ಮೈಕ್ರೋಸಾಫ್ಟ್ ೨೦೧೪ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡುಗಡೆ ಮಾಡಿತು. ೨೦೧೨ರಲ್ಲಿ ಬಂದ ಮೊದಲ ಭಾಗ ಅಮೆರಿಕದ ಕೊಲರಾಡೋದಲ್ಲಿ ನಡೆಯುತ್ತಿತ್ತು. ಅದು ಬಯಲು ಪ್ರಪಂಚವೆಂದು ಹೆಸರಿದ್ದರೂ ರಸ್ತೆಯ ಬದಿಯ ತಡೆಗೋಡೆಗಳು ಕಾರನ್ನು ಬಹುಪಾಲು ರಸ್ತೆಯಲ್ಲೇ ಇರಿಸುತ್ತಿದ್ದವು. ಎರಡನೆಯ ಭಾಗವನ್ನು ಫ್ರಾನ್ಸಿನ ದಕ್ಷಿಣ ಮತ್ತು ಇಟಲಿಯ ಉತ್ತರ ಭಾಗಗಳ ಮಾದರಿಯಲ್ಲಿ ಕಟ್ಟಲಾಯಿತು. ತಡೆಗೋಡೆಗಳು ಹೋದವು. ದ್ರಾಕ್ಷಿ ತೋಟದ ನಡುವೆ, ಗೋಧಿ ಹೊಲದ ನಡುವೆ ಕಾರು ನುಗ್ಗಿಸಿಕೊಂಡು ಹೋಗುವುದೇ ಅದರ ಮುಖ್ಯ ಆಕರ್ಷಣೆಯಾಯಿತು. ಆ ತೋಟ ಬೆಳೆದವನ ಗೋಳನ್ನು ಕೇಳುವವರು ಆಟದಲ್ಲಿ ಯಾರೂ ಇಲ್ಲ! ಹುಣಸೂರಿನ ಹೊಗೆಸೊಪ್ಪಿನ ಹೊಲದಲ್ಲಿ ಯಾರಾದರೂ ಹೀಗೆ ಮಾಡಿದರೆ ಮುಂದೇನಾಗುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು.

ವಿಮರ್ಶಕರು ಬಹುತೇಕ ಒಮ್ಮತದಿಂದ ಮೆಚ್ಚಿದರು. ನಾನಾ ವಿಮರ್ಶೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ಜಾಲತಾಣದಲ್ಲಿ ಎಕ್ಸ್‌ಬಾಕ್ಸ್ ಒನ್ ಆವೃತ್ತಿಗೆ ನೂರಕ್ಕೆ ೮೬ ಅಂಕ ಸಿಕ್ಕಿತು. ಹೊಗಳಿಕೆಯ ಪಟ್ಟಿಯಲ್ಲಿ ಮೂರು ಅಂಶಗಳು ಮೇಲೆ ನಿಂತವು: ಮೊದಲನೆಯದು ಹೊಲ ಬಯಲುಗಳ ಸ್ವಾತಂತ್ರ್ಯ, ಎರಡನೆಯದು ಸರಣಿಗೆ ಹೊಸದಾಗಿ ಬಂದ ಮಳೆ ಬಿಸಿಲಿನ ಬದಲಾವಣೆ, ಒದ್ದೆ ರಸ್ತೆಯ ಮೇಲೆ ಬೀಳುವ ದೀಪಗಳ ಪ್ರತಿಬಿಂಬ, ಮೂರನೆಯದು ಇನ್ನೂರಕ್ಕೂ ಹೆಚ್ಚು ಕಾರುಗಳು ಮತ್ತು ಅವುಗಳ ಸೂಕ್ಷ್ಮ ಕುಸುರಿ. ಆಕ್ಷೇಪಗಳೂ ಇಲ್ಲದಿರಲಿಲ್ಲ. ಆಡುತ್ತ ಹೋದಂತೆ ಪಂದ್ಯಗಳು ಒಂದರಂತೆ ಒಂದು ಎನಿಸುತ್ತವೆ ಎಂದು ಕೆಲವರು ಹೇಳಿದರು. ಹಳೆಯ ಎಕ್ಸ್‌ಬಾಕ್ಸ್ ೩೬೦ ಯಂತ್ರಕ್ಕಾಗಿ ಬೇರೊಂದು ಸಂಸ್ಥೆ ತಯಾರಿಸಿದ ಆವೃತ್ತಿಯಲ್ಲಿ ಈ ಹೊಸತನಗಳು ಮೊಟಕಾಗಿದ್ದವು. ಅದಕ್ಕೆ ಇಷ್ಟು ಸ್ವಾಗತ ದೊರೆಯಲಿಲ್ಲ.

ಹಾಗೆಂದರೆ ಎರಡು ಎದುರುಬದುರು ಪರೀಕ್ಷೆಗಳಲ್ಲೂ ಆಟ ಪಾಸಾಯಿತು. ಕಾರಿನ ಓಟ ಮೊದಲಿನದೇ, ಓಡುವ ನೆಲ ಹೊಸದು. ಸರಣಿ ಇದೇ ಸೂತ್ರ ಹಿಡಿದು ೨೦೧೬ರಲ್ಲಿ ಆಸ್ಟ್ರೇಲಿಯಾ, ೨೦೧೮ರಲ್ಲಿ ಬ್ರಿಟನ್, ೨೦೨೧ರಲ್ಲಿ ಮೆಕ್ಸಿಕೋಗಳಿಗೆ ಹೋಯಿತು. ಆ ಮೂರೂ ಆಟಗಳ ಸರಾಸರಿ ತೊಂಬತ್ತನ್ನು ದಾಟಿತು.

ಬೆಂಗಳೂರಿನ ಕೈಗಳು

ವಿಮರ್ಶಕರು ಮೆಚ್ಚಿದ ಆ ‘ಸೂಕ್ಷ್ಮ ಕುಸುರಿ’ ಎಲ್ಲಿಂದ ಬರುತ್ತದೆ? ಇಂಥ ಆಟದ ನೂರಾರು ಕಾರುಗಳನ್ನು ಒಂದೇ ಸಂಸ್ಥೆ ತನ್ನ ಮನೆಯೊಳಗೇ ಮಾಡಿ ಮುಗಿಸುವುದಿಲ್ಲ. ಕೆಲಸ ದೇಶದೇಶಗಳ ಸ್ಟುಡಿಯೋಗಳಿಗೆ ಹಂಚಿಹೋಗುತ್ತದೆ. ಫೋರ್ಜಾ ಹೊರೈಜನ್ ಸರಣಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟ ಸಂಸ್ಥೆಗಳಲ್ಲಿ ಬೆಂಗಳೂರಿನ ಧ್ರುವ ಇಂಟರ‍್ಯಾಕ್ಟಿವ್ ಒಂದು. ರಾಜೇಶ್ ರಾವ್ ೧೯೯೭ರಲ್ಲಿ ಸ್ಥಾಪಿಸಿದ ಈ ಕಂಪನಿಯನ್ನು ಭಾರತದ ಮೊದಮೊದಲ ವೀಡಿಯೋ ಗೇಮ್ ಸಂಸ್ಥೆಗಳಲ್ಲಿ ಎಣಿಸುತ್ತಾರೆ. ಇನ್ನೂ ದೇಶದ ಬಹುಪಾಲು ಮನೆಗಳಿಗೆ ಕಂಪ್ಯೂಟರೇ ಬಾರದಿದ್ದ ಕಾಲ ಅದು.

ಪರದೆಯ ಮೇಲಿನ ಕಾರನ್ನು ಕಟ್ಟುವ ಬಗೆ ಶಿಲ್ಪದ ಕೆಲಸಕ್ಕೆ ಹತ್ತಿರ. ಮೊದಲು ಕಾರಿನ ನೂರಾರು ಛಾಯಾಚಿತ್ರಗಳು, ಅಳತೆಗಳು, ಕೆಲವೊಮ್ಮೆ ಕಾರು ತಯಾರಕರೇ ಕೊಟ್ಟ ನಕ್ಷೆಗಳು ಕಲಾವಿದನ ಮುಂದೆ ಬರುತ್ತವೆ. ಅವುಗಳನ್ನು ನೋಡಿ ಸಣ್ಣ ಸಣ್ಣ ಮುಖಗಳನ್ನು ಬಲೆಯಂತೆ ಜೋಡಿಸುತ್ತ ಆಕಾರ ಕೊಡಬೇಕು. ಬಾನೆಟ್ಟಿನ ಬಾಗು ಒಂದು ಕೂದಲೆಳೆ ತಪ್ಪಿದರೂ ಬೆಳಕು ಬಿದ್ದಾಗ ಅದು ಎದ್ದು ಕಾಣುತ್ತದೆ. ಆಮೇಲೆ ಬಣ್ಣ, ಗಾಜು, ರಬ್ಬರು, ಚರ್ಮ ಇವುಗಳಿಗೆ ಬೆಳಕು ಹೇಗೆ ಪ್ರತಿಕ್ರಿಯಿಸಬೇಕು ಎಂಬುದನ್ನು ಒಂದೊಂದಾಗಿ ನಿಗದಿಪಡಿಸಬೇಕು. ಒಳಗಿನ ಸ್ಟೇರಿಂಗು, ಮೀಟರುಗಳು, ಆಸನದ ಹೊಲಿಗೆ ಎಲ್ಲವೂ ಬೇಕು. ಹತ್ತಿರದಿಂದ ನೋಡಲು ಒಂದು ಮಾದರಿ, ದೂರದಲ್ಲಿ ಓಡುವಾಗ ಯಂತ್ರಕ್ಕೆ ಹೊರೆಯಾಗದಂತೆ ಹಗುರವಾದ ಇನ್ನೊಂದು ಮಾದರಿ. ಒಂದು ಕಾರಿಗೆ ವಾರಗಟ್ಟಲೆ ಸಮಯ ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿದವರ ಹೆಸರು ಕಾಣಿಸುವುದು, ಕಾಣಿಸಿದರೆ, ಆಟದ ಕೊನೆಯಲ್ಲಿ ಸರಸರನೆ ಮೇಲಕ್ಕೆ ಸರಿದುಹೋಗುವ ಉದ್ದನೆಯ ಪಟ್ಟಿಯಲ್ಲಿ. ವಿಮರ್ಶೆಗಳಲ್ಲಂತೂ ಮುಖ್ಯ ಸಂಸ್ಥೆಯ ಹೆಸರು ಬಿಟ್ಟರೆ ಕೆಲಸ ಹಂಚಿಕೊಂಡ ಸ್ಟುಡಿಯೋಗಳ ಪ್ರಸ್ತಾಪ ಬರುವುದು ತೀರಾ ಅಪರೂಪ. ಕಾರಿನ ಮೇಲೆ ನಿಂತ ಮಳೆಹನಿಯನ್ನು ಗುರುತಿಸಿದ ಕಣ್ಣು ಆ ಕಾರನ್ನು ಕಟ್ಟಿದವರನ್ನು ಹುಡುಕಲಿಲ್ಲ.

ಇದನ್ನು ಬರೀ ಅಭಿಮಾನದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ವೀಡಿಯೋ ಗೇಮಿನ ಆಯುಷ್ಯ ಬಹಳ ಕಡಿಮೆ. ಆಟದಲ್ಲಿರುವ ನಿಜವಾದ ಕಾರುಗಳಿಗೂ ಹಾಡುಗಳಿಗೂ ಅವುಗಳ ಒಡೆಯರಿಂದ ಪರವಾನಗಿ ಬೇಕು. ಅದಕ್ಕೆ ಅವಧಿ ಇರುತ್ತದೆ. ಫೋರ್ಜಾ ಹೊರೈಜನ್ ೨ ಆಟವನ್ನು ೨೦೧೮ರ ಸೆಪ್ಟೆಂಬರ್ ಕೊನೆಯಲ್ಲಿ ಮೈಕ್ರೋಸಾಫ್ಟಿನ ಅಂತರಜಾಲ ಮಳಿಗೆಯಿಂದ ತೆಗೆಯಲಾಯಿತು. ೨೦೨೩ರ ಆಗಸ್ಟಿನಲ್ಲಿ ಹಲವರು ಕೂಡಿ ಆಡುವ ಆನ್‌ಲೈನ್ ವ್ಯವಸ್ಥೆಯೂ ನಿಂತಿತು. ಹಳೆಯ ಡಿಸ್ಕ್ ಇಟ್ಟುಕೊಂಡವರು ಒಂಟಿಯಾಗಿ ಆಡಿಕೊಳ್ಳಬಹುದು, ಅಷ್ಟೆ. ಆಟ ಹೀಗೆ ಕಣ್ಮರೆಯಾದ ಮೇಲೆ ಅದು ಹೇಗಿತ್ತು ಎಂಬುದಕ್ಕೆ ದಾಖಲೆಯಾಗಿ ಉಳಿಯುವುದು ವಿಮರ್ಶೆ. ವಿಮರ್ಶೆಯಲ್ಲಿ ಬಾರದ ಹೆಸರು ಆಟದೊಂದಿಗೇ ಅಳಿಸಿಹೋಗುತ್ತದೆ.

ಧ್ರುವದ ಕಥೆಯೂ ಈ ಮಾತಿಗೆ ಪೂರಕವಾಗಿದೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ೨೦೧೬ರ ಕೊನೆಯಲ್ಲಿ ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಾಗ ಅಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದರು. ೨೦೧೯ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಸುಮಾರು ೭೯ ಲಕ್ಷ ಡಾಲರಿಗೆ ಖರೀದಿಸಿ ಬೆಂಗಳೂರಿನ ತನ್ನ ಶಾಖೆಯಲ್ಲಿ ವಿಲೀನಗೊಳಿಸಿತು. ಕೆಲಸ ಕಲಿತ ಕೈಗಳು ಊರಲ್ಲೇ ಉಳಿದವು. ಎರಡು ದಶಕ ಬಾಳಿದ ಹೆಸರು ಉಳಿಯಲಿಲ್ಲ.

ಕರ್ನಾಟಕ ಸರ್ಕಾರ ೨೦೧೨ರಲ್ಲಿ ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ೨೦೨೪ರಲ್ಲಿ ಅದರ ಹೊಸ ರೂಪ ಬಂತು. ಮೈಸೂರಿನ ಕಲಾ ಶಾಲೆಗೆ ಸೇರಿದ ಹಳ್ಳಿಯ ಹುಡುಗ ಹುಡುಗಿಯರು ಈ ಉದ್ಯೋಗದ ಕಡೆ ನೋಡುವುದು ಸಹಜ. ‘ಏನು ಕೆಲಸ ಮಾಡುತ್ತೀಯಪ್ಪ?’ ಎಂದು ಊರಿನವರು ಕೇಳಿದರೆ, ‘ಆಟದ ಕಾರು ಮಾಡುತ್ತೇನೆ’ ಎಂಬ ಉತ್ತರ ಹುಡುಗಾಟಿಕೆಯಂತೆ ಕೇಳಿಸಬಹುದು. ಅದು ಜಗತ್ತು ಮೆಚ್ಚಿದ ಕಾರು ಎಂದು ತೋರಿಸಲು ಅವರ ಕೈಯಲ್ಲಿ ಬರವಣಿಗೆಯ ಒಂದು ಸಾಲಾದರೂ ಇರಬೇಡವೇ?

ಇದೇ ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ ೧೨೬೮ರ ಕೇಶವ ದೇವಾಲಯವಿದೆ. ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಸೋಮನಾಥ. ಊರಿಗೆ ಅವನ ಹೆಸರೇ ಬಂದಿದೆ. ಆದರೆ ಅಲ್ಲಿನ ಹಲವು ಮೂರ್ತಿಗಳ ಪೀಠದಲ್ಲಿ ಇನ್ನೊಂದು ಹೆಸರೂ ಇದೆ. ಕೆತ್ತಿದ ಶಿಲ್ಪಿ ಮಲ್ಲಿತಮ್ಮನದು. ಏಳೂವರೆ ಶತಮಾನಗಳ ಹಿಂದೆ ಕಲ್ಲಿನಲ್ಲಿ ಸಾಧ್ಯವಾದದ್ದು ಇಂದಿನ ವಿಮರ್ಶೆಯ ಒಂದು ಸಾಲಿನಲ್ಲಿ ಸಾಧ್ಯವಾಗದಿರಲು ಕಾರಣವಿಲ್ಲ.