ಆರಾಮ ಇದ್ದವರಿಗೂ ರಕ್ತದೊತ್ತಡ ನೋಡುವುದೇಕೆ?

ಮಕ್ಕಳೇ, ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ಹನಿ ನೀರಾವರಿಯ ಪೈಪುಗಳನ್ನು ನೋಡಿದ್ದೀರಾ? ನೀರಿನ ಒತ್ತಡ ಹೆಚ್ಚಾದರೆ ಜೋಡಣೆ ಕಳಚುತ್ತದೆ, ಇಲ್ಲವೇ ಪೈಪೇ ಒಡೆಯುತ್ತದೆ. ನಮ್ಮ ರಕ್ತನಾಳಗಳು ಹಾಗೆ ಒಂದೇ ದಿನಕ್ಕೆ ಕೆಡುವುದಿಲ್ಲ. ವರ್ಷಗಟ್ಟಲೆ ಒತ್ತಡ ತಾಳಿ ಗಡುಸಾಗುತ್ತವೆ. ಆಗ ನೋವಿಲ್ಲ, ಜ್ವರವೂ ಇಲ್ಲ. ಮುಂದೊಂದು ದಿನ ಮಿದುಳಿನ ನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಲಕ್ವ ಹೊಡೆಯುತ್ತದೆ.

ಆದ್ದರಿಂದಲೇ ಕೆಮ್ಮಿಗೆ ಔಷಧ ಕೇಳಲು ಹೋದ ಅಪ್ಪನ ತೋಳಿಗೂ ವೈದ್ಯರು ಪಟ್ಟಿ ಸುತ್ತುತ್ತಾರೆ. ದೊಡ್ಡವರಲ್ಲಿ 120/80ರ ಆಸುಪಾಸು ಇದ್ದರೆ ಒಳ್ಳೆಯದು. ಮೇಲಿನ ಸಂಖ್ಯೆ ಹೃದಯ ಸಂಕುಚಿಸಿದಾಗಿನ ಒತ್ತಡ, ಕೆಳಗಿನದು ಹಿಗ್ಗಿದಾಗಿನದು. ಬೇರೆ ಬೇರೆ ದಿನ ಅಳೆದರೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ‘ಈ ಮನೆಯ ಮುತ್ಯಾನಿಗೆ ಲಕ್ವ ಹೊಡೆದಿತ್ತು’ ಎಂಬುದು ಊರಿನ ವೈದ್ಯರಿಗೆ ನೆನಪಿರುತ್ತದೆ. ಯಾವ ಯಂತ್ರವೂ ಕೊಡದ ಮಾಹಿತಿ ಇದು!

ಜೋಳದ ರೊಟ್ಟಿಯ ತಪ್ಪೇನಿಲ್ಲ. ಜೊತೆಗಿನ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಬೇಕು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ನಾನು ಕೇಳುವ ಮಾತೊಂದಿದೆ: “ಆರಾಮ ಅದೀನಿ, ಗುಳಿಗಿ ಯಾಕ ಬೇಕ್ರಿ?” ಗುಳಿಗೆ ನುಂಗುತ್ತಿರುವುದರಿಂದಲೇ ಒತ್ತಡ ಇಳಿದಿರುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ತಾವಾಗಿಯೇ ಬಿಟ್ಟಿದ್ದರೆ, ಈ ವಾರವೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.