ಮೇಷ್ಟ್ರಲ್ಲಿ ಒಂದು ಪತ್ರವನ್ನು ಕೇಳುವುದು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಕಡ್ಡಿರಾಂಪುರವು, ವಿಜಯನಗರದ ಕಾಲದ ಗುಮ್ಮಟದ ಗೋರಿಗಳನ್ನೂ, ಕಾಲುವೆಯ ನೀರುಂಡ ಗದ್ದೆ ತೋಟಗಳನ್ನೂ, 2011ರ ತೆರವಿನಲ್ಲಿ ಹಂಪಿ ಬಜಾರದಿಂದ ಎದ್ದುಬಂದ ಕುಟುಂಬಗಳಿಗೆ ಗೊತ್ತುಮಾಡಿದ ನಿವೇಶನಗಳನ್ನೂ ಒಂದೇ ಸೀಮೆಯೊಳಗೆ ಇಟ್ಟುಕೊಂಡಿರುವುದರಿಂದ, ಸಂಶೋಧನೆಗೆ ವಿಷಯವನ್ನರಸಿ ಅಲ್ಲಿಯ ತರುಣರು ದೂರ ಹೋಗಬೇಕಾದುದಿಲ್ಲ. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವೂ ಸಮೀಪದಲ್ಲಿಯೇ ಇದೆ. ತೊಡಕಿರುವುದು ಜೀವನೋಪಾಯದಲ್ಲಿ. ಪರೀಕ್ಷೆಯಿಂದ ದೊರೆಯುವ ಯುಜಿಸಿಯ ಜೆಆರ್‌ಎಫ್ ಸಂಶೋಧನಾ ವೇತನಕ್ಕೆ ಯಾರ ಪತ್ರವೂ ಬೇಡ. ಫುಲ್‌ಬ್ರೈಟ್-ನೆಹರೂ ಮುಂತಾದ ಫೆಲೋಶಿಪ್‌ಗಳಿಗಾದರೋ ಅಧ್ಯಾಪಕರ ಶಿಫಾರಸು ಪತ್ರವಿಲ್ಲದೆ ಅರ್ಜಿಯೇ ಪೂರ್ಣವಾಗದು.

ಹಿಂದೆ ಕಲಿಸಿದ ಮೇಷ್ಟ್ರನ್ನು ಕೇಳುವುದು ಸುಲಭ. ಈಗ ಯಾರ ಕೈಕೆಳಗೆ ಇದ್ದೇವೆಯೋ, ಯಾರ ಸಹಿಯಿಲ್ಲದೆ ಪ್ರಗತಿ ವರದಿ ಮುಂದಕ್ಕೆ ಸಾಗದೋ, ಅವರನ್ನು ಕೇಳುವುದೇ ಪ್ರಯಾಸ. ಬಿಟ್ಟುಹೋಗುತ್ತಾನೆಂದು ಗೈಡ್ ಮುನಿದಾರೋ ಎಂಬ ಅಳುಕಿನಿಂದಲೂ, ಶಿಫಾರಸೆಂದರೆ ವಶೀಲಿಯೆಂದೇ ಬಗೆಯುವ ಮನೆಯಲ್ಲಿ ಬೆಳೆದ ಸಂಕೋಚದಿಂದಲೂ, ವಿದ್ಯಾರ್ಥಿಯು ಕೊಠಡಿಯ ಬಾಗಿಲವರೆಗೆ ಹೋಗಿ ಹಿಂದಿರುಗುತ್ತ, ಕಡೆಯ ದಿನಾಂಕಕ್ಕೆ ಎರಡು ದಿನವಿರುವಾಗ, "ಸರ್, ಒಂದು ಲೆಟರ್ ಬೇಕಾಗಿತ್ತು" ಎಂದು ತೊದಲುತ್ತಾನೆ. "ನೀನೇ ಬರ್ಕೊಂಡು ಬಾರಪ್ಪ, ಸೈನ್ ಮಾಡಿಕೊಡ್ತೀನಿ" ಎಂಬ ಉತ್ತರದಲ್ಲಿ ವಾತ್ಸಲ್ಯವೇ ಇರಬಹುದು. ಆದರೆ ಆ ವಾತ್ಸಲ್ಯದಷ್ಟು ಹಾನಿಕರವಾದುದು ಬೇರೊಂದಿಲ್ಲವೆಂದು ನನ್ನ ಮತ. ತನ್ನನ್ನು ತಾನೇ ಹೊಗಳಿಕೊಳ್ಳಲು ನಾಚುವ ಹುಡುಗನು ಶಿಸ್ತು, ವಿನಯ, ಪರಿಶ್ರಮವೆಂಬ ಮೂರು ಗುಣಗಳನ್ನು ಬರೆದು ತರುತ್ತಾನೆ. ಪಕ್ಕದ ವಿಭಾಗದವನ ಪತ್ರದಲ್ಲಿಯೂ ಆ ಮೂರೇ ಇರುತ್ತವೆ.

ಬಲ್ಲವರೇ ಬರೆದ ಪತ್ರ ಹೇಗಿರುತ್ತದೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ಹೊಸಪೇಟೆಯು ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1913ರ ಫೆಬ್ರವರಿಯಲ್ಲಿ, ಅದೇ ಮದರಾಸಿನ ವಿಶ್ವವಿದ್ಯಾಲಯಕ್ಕೆ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರರು ಬಂದರಿನ ಕಚೇರಿಯ ಗುಮಾಸ್ತನೊಬ್ಬನ ಪರವಾಗಿ ಒಂದು ಪತ್ರವನ್ನು ಬರೆದರು. ಗುಮಾಸ್ತನು ಶ್ರೀನಿವಾಸ ರಾಮಾನುಜನ್, ಪದವಿಯಿಲ್ಲದವನು. ವಾಕರರು ಸ್ವತಃ ಕೇಂಬ್ರಿಜ್ಜಿನ ಗಣಿತಜ್ಞರಾಗಿದ್ದರೂ, ಈ ಯುವಕನು ದುಡಿಯುತ್ತಿರುವ ಶಾಖೆಗಳು ತಮ್ಮ ವಿಶೇಷ ವ್ಯಾಸಂಗಕ್ಕೆ ಸೇರಿದವಲ್ಲವಾದುದರಿಂದ ಐರೋಪ್ಯ ಮಟ್ಟದಲ್ಲಿ ಆತನ ಸ್ಥಾನವೇನೆಂದು ತಾವು ನಿಶ್ಚಯಿಸಲಾರೆವೆಂದು ಒಪ್ಪಿಕೊಂಡು, ಆದರೂ ತಾವು ಕಂಡ ಕೃತಿಯ ಸ್ವೋಪಜ್ಞತೆಯು ಕೇಂಬ್ರಿಜ್ ಕಾಲೇಜಿನ ಫೆಲೋ ಒಬ್ಬನದಕ್ಕೆ ಸಮನೆಂದೂ, ಕೆಲವು ವರ್ಷಗಳ ಮಟ್ಟಿಗಾದರೂ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಆತನು ಗಣಿತದಲ್ಲಿ ಮುಳುಗಿರುವಂತೆ ಮಾಡುವುದು ಯುಕ್ತವೆಂದೂ ತಿಳಿಸಿದರು. ತಿಂಗಳಿಗೆ 75 ರೂಪಾಯಿಯ ವೇತನ, ಎರಡು ವರ್ಷಗಳಿಗೆ, ಮಂಜೂರಾಯಿತು. ತಾನು ಬಲ್ಲುದರ ಎಲ್ಲೆಯನ್ನು ಗುರುತಿಸಿದ ಮೇಲೆ ಆಡಿದ ಪ್ರಶಂಸೆಯಾದುದರಿಂದಲೇ ಅದಕ್ಕೆ ಅಷ್ಟು ತೂಕ ಬಂದಿತೆಂದು ತೋರುತ್ತದೆ.

ಅಂತಹ ಪತ್ರವು ಎರಡು ದಿನದಲ್ಲಿ ಹುಟ್ಟಲಾರದು. ತಿಂಗಳಿಗೆ ಮುಂಚಿತವಾಗಿಯೇ ತನ್ನ ಯೋಜನೆಯನ್ನೂ, ಮುಗಿದ ಅಧ್ಯಾಯವನ್ನೂ, ಕ್ಷೇತ್ರಕಾರ್ಯದ ಟಿಪ್ಪಣಿಯನ್ನೂ ಒಯ್ದುಕೊಟ್ಟು, "ನನ್ನ ಕೆಲಸವನ್ನು ಕುರಿತು ವಿವರವಾಗಿ ಬರೆಯಲು ತಮಗೆ ಸಾಧ್ಯವಾದೀತೆ ಸರ್?" ಎಂದು ಕೇಳುವ ವಿದ್ಯಾರ್ಥಿಯು, ಇಲ್ಲವೆನ್ನುವ ಸ್ವಾತಂತ್ರ್ಯವನ್ನೂ ಗುರುವಿಗೆ ಕೊಟ್ಟಂತಾಯಿತು. ಉದಾಹರಣೆಗೆ, ಕಡ್ಡಿರಾಂಪುರದ ನಿವೇಶನಗಳಿಗೆ ಬಂದ ಹಂಪಿಯ ಅಂಗಡಿಕಾರರನ್ನು ಆತನು ಮಾತನಾಡಿಸಿದ ಬಗೆಯೇನು, ಅವರ ಮಾತನ್ನು ಸರ್ಕಾರಿ ಕಡತದೊಡನೆ ಹೋಲಿಸಿ ನೋಡಿದನೆ, ಎಂಬುದನ್ನು ಕಂಡು ಹೇಳಬಲ್ಲವರು ಗೈಡ್ ಮಾತ್ರ.

ಕನ್ನಡದಲ್ಲಿ ಪ್ರಬಂಧ ಬರೆಯುವವರ ವಿಷಯದಲ್ಲಿ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಹೊರನಾಡಿನ ಆಯ್ಕೆಗಾರರು ಆ ಪ್ರಬಂಧವನ್ನು ಓದಲಾರರು. ಅದರೊಳಗಿನ ವಾದವು ಅವರನ್ನು ಮುಟ್ಟುವುದು ಬಹುಮಟ್ಟಿಗೆ ಗುರುವಿನ ಪತ್ರದ ಮೂಲಕವೇ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವ ಪ್ರಾಧ್ಯಾಪಕರು ಸಾರವನ್ನು ಕನ್ನಡದಲ್ಲಿಯೇ ಬರೆದು, ಇಂಗ್ಲಿಷ್ ವಿಭಾಗದ ಸ್ನೇಹಿತರೊಬ್ಬರಿಂದ ಅನುವಾದ ಮಾಡಿಸಿಕೊಂಡು, ತಾವೇ ನೇರವಾಗಿ ಕಳುಹಿಸಬಹುದು. ಅನುವಾದದ ಕೆಲಸವನ್ನು ಆ ವಿದ್ಯಾರ್ಥಿಗೇ ಒಪ್ಪಿಸಬಾರದಷ್ಟೆ.